ಕಣದಮನೆಯ ಮೊದಲಾರತಿ

ಆವತ್ತು ಬೆಳಿಗ್ಗೆ ಕಾವಳ ಇಳಿದಿತ್ತು. ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ ಅನ್ನುತ್ತಾರೆ. ಆ ವರ್ಷ ಶಿವರಾತ್ರಿ ಕಳೆದು ವಾರವಾದರೂ ಚಳಿ ಜಗಲಿ ಬಿಟ್ಟು ಏಳಲಿಲ್ಲ. ಹೊಣಕೆರೆ ಕಡೆಯ ಹೊಲಗಳ ಮೇಲೆ ಒದ್ದೆ ಪಂಚೆ ಹರವಿದ ಹಾಗೆ ಕಾವಳ ಕೂತಿತ್ತು. ತೆಂಗಿನ ಮರಗಳಿಗೆ ಬುಡವಿತ್ತು, ತಲೆ ಇರಲಿಲ್ಲ. ಕೆರೆ ಏರಿಯ ಮೇಲಿನ ಲಕ್ಕಮ್ಮನ ಗುಡಿಯೂ ಕಾಣಲಿಲ್ಲ. ಚಿಕ್ಕಬೋರಮ್ಮ ಮಾತ್ರ ಅತ್ತ ತಿರುಗಿ ಕೈ ಮುಗಿದಳು. ಕಾಣದಿದ್ದರೇನು, ತಾಯಿ ಎದ್ದು ಹೋಗಿರುತ್ತಾಳಾ?

ಊರಿನ ಮುದುಕರು ಮುದುಕಿಯರೆಲ್ಲ ಚೌಡಯ್ಯನ ಟ್ರಾಕ್ಟರಿನ ಟ್ರೈಲರಿಗೆ ಹತ್ತುತ್ತಿದ್ದರು. ಹೊಣಕೆರೆ ಇಸ್ಕೂಲಿಗೆ 'ಅಳೆಯೋ ಡಾಕ್ಟ್ರು' ಬಂದಿದ್ದರು. ಮೈಸೂರಿನ ಕಡೆಯ ದೊಡ್ಡ ಆಸ್ಪತ್ರೆಯವರಂತೆ, ರಘುನಂದನ್ ಅಂತ ಹೆಸರಂತೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮುಗಿಸಿಕೊಂಡು ಈಗ ನಾಗಮಂಗಲದ ಸೀಮೆಗೆ ಕೈಯಿಟ್ಟಿದ್ದರು. ವಯಸ್ಸಾದವರಿಗೆ ಮರೆವಿನ ಕಾಯಿಲೆ ಬರುವುದಕ್ಕೆ ಮುಂಚೆಯೇ ಅದರ ಹೆಜ್ಜೆ ಸಪ್ಪಳ ಕೇಳಿಸುತ್ತದೋ ಏನೋ ಅಂತ ನೋಡುವುದು ಅವರ ಕೆಲಸ.

ಟ್ರೈಲರಿನ ಮುಂದಿನ ಮೂಲೆಯಲ್ಲಿ ಚೌಡಯ್ಯ, ಅವನ ಪಕ್ಕ ಹೆಂಡತಿ ಸಿದ್ದಲಿಂಗಮ್ಮ. ಹಿಂದಿನ ಮೂಲೆಯಲ್ಲಿ ಚಿಕ್ಕಬೋರಮ್ಮ. ಚೌಡಯ್ಯ ಅವಳಿಗೆ ಸ್ವಂತ ಮೈದುನ, ಸಿದ್ದಲಿಂಗಮ್ಮ ಓರಗಿತ್ತಿ. ಒಂದೇ ಗೋಡೆಯ ಆಚೆ ಈಚೆ ವಾಸ. ಮಾತು ಬಿಟ್ಟು ಹದಿನೆಂಟು ವರ್ಷವಾಗಿತ್ತು.

ಆ ಕತೆ ಹೇಳದೆ ಈ ಕತೆ ಮುಂದಕ್ಕೆ ಹೋಗದು.

ಲಕ್ಕಮ್ಮನ ಹಬ್ಬಕ್ಕೆ ಪೂಜೆ ಹೊರುವ ಹಕ್ಕು ಇವರ ಮನೆತನದ್ದು. ಪೂಜೆ ಅಂದರೆ ಆಳೆತ್ತರದ ಬಿದಿರ ಚೌಕಟ್ಟು. ಸುತ್ತ ಬಣ್ಣದ ಸೀರೆಗಳ ನೆರಿಗೆ, ನಡುವೆ ತಾಯಿಯ ಬೆಳ್ಳಿ ಮುಖ. ಅದನ್ನು ತಲೆಯ ಮೇಲಿಟ್ಟುಕೊಂಡು, ಕೈ ಮುಟ್ಟಿಸದೆ, ತಮಟೆಯ ಗತ್ತಿಗೆ ಕುಣಿಯಬೇಕು. ಬರೀ ಕುಣಿದರೆ ಸಾಲದು. ಕುಣಿಯುತ್ತಲೇ ಒಂದೊಂದು ಮನೆಯ ಹೆಸರನ್ನೂ ಹಿಂದಿನಿಂದ ಬಂದ ಸಾಲಿನಲ್ಲೇ ಕೂಗಿ ಕರೆಯಬೇಕು: "ಕಣದಮನೆ ಆರತಿ ಬರ್ಲವ್ವೋ! ಮೂಡ್ಲಮನೆ ಆರತಿ ಬರ್ಲವ್ವೋ!" ಕರೆದ ಮನೆಯ ಹೆಂಗಸು ತಂಬಿಟ್ಟಿನ ಆರತಿ ಹಿಡಿದು ಎದುರು ಬರಬೇಕು. ಮೊದಲಾರತಿ ಪೂಜೆ ಹೊತ್ತವನ ಮನೆಯದು, ಅಂದರೆ ಕಣದಮನೆಯದು.

ಆಗ ಹೊರುತ್ತಿದ್ದವನು ಚಿಕ್ಕಬೋರಮ್ಮನ ಗಂಡ ಕುಳ್ಳಯ್ಯ. ಹೆಸರಿಗೆ ಕುಳ್ಳಯ್ಯ, ಆಳು ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ಅವನು ಪೂಜೆ ಹೊತ್ತರೆ ತಾಯಿಯೇ ಎದ್ದು ನಿಂತಂತೆ ಕಾಣುತ್ತಿತ್ತು. ಆ ವರ್ಷ ಏರಿಯ ಉದ್ದಕ್ಕೂ ಚೆನ್ನಾಗಿ ಕುಣಿದು ಬಂದ. ಗುಡಿ ಮುಂದೆ ಚಿಕ್ಕಬೋರಮ್ಮ ತವರಿನ ಹಿತ್ತಾಳೆ ತಟ್ಟೆಯಲ್ಲಿ ಆರತಿ ಹಿಡಿದು ನಿಂತಿದ್ದಳು. ಕುಳ್ಳಯ್ಯ ಬಾಯಿ ತೆರೆದ. "ಕಣದ..." ಅಂದ. ಅಷ್ಟೇ. ತನ್ನ ಮನೆಯ ಹೆಸರು ಬಾಯಿಗೆ ಬರಲಿಲ್ಲ. ಹೆಸರು ಹುಡುಕುವಾಗ ಕಾಲು ನಿಂತಿತು. ಕಾಲು ನಿಂತ ಕೂಡಲೇ ಪೂಜೆ ವಾಲಿತು. ನಾಲ್ಕು ಜನ ಹಿಡಿದರೂ ನಿಲ್ಲದೆ ಚಿಕ್ಕಬೋರಮ್ಮನ ಕಾಲ ಬಳಿ ಉರುಳಿತು. ಬೆಳ್ಳಿ ಮುಖ ಮಣ್ಣಾಯಿತು.

ಊರು ಕಂಡದ್ದು ಇಷ್ಟು: ಆ ಹೆಂಗಸಿನ ಆರತಿ ಕಂಡು ತಾಯಿ ಹೆಜ್ಜೆ ಇಡಲಿಲ್ಲ.

ಮಾರನೆಯ ದಿನ ಗುಡಿಯಲ್ಲಿ ಹೂ ಕೇಳಿದರು. ತಾಯಿಯ ಭುಜಕ್ಕೆ ಒದ್ದೆ ಹೂ ಅಂಟಿಸಿ ಪ್ರಶ್ನೆ ಇಡುವುದು. ಬಲಕ್ಕೆ ಬಿದ್ದರೆ ಒಂದು ಮಾತು, ಎಡಕ್ಕೆ ಬಿದ್ದರೆ ಇನ್ನೊಂದು. "ಕುಳ್ಳಯ್ಯನ ತಲೆಯಿಂದ ಪೂಜೆ ಇಳಿಸಬೇಕಾದ್ರೆ ಎಡಕ್ಕೆ ಕೊಡು ತಾಯಿ" ಅಂದರು. ಹೂ ಎಡಕ್ಕೆ ಬಿತ್ತು. ಯಾಕೆ ಅಂತ ಎಲ್ಲರೂ ಮುಖ ಮುಖ ನೋಡಿಕೊಂಡಾಗ ಸಿದ್ದಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ಹೇಳಿದಳು: "ನಾನು ಯೋಳ್ಬಾರ್ದು... ಅಕ್ಕ ಹೊರಗಾಗಿದ್ದವಳು ದಿನ ತುಂಬೋಕ್ಕೆ ಮುಂಚೇನೇ ಒಲೆ ಮುಟ್ಟಿದ್ಲು. ಆ ಒಲೇಲೇ ತಂಬಿಟ್ಟು ಹುರಿದ್ಲು."

ಅದು ಸುಳ್ಳು. ಆದರೆ ಗುಡಿಯಲ್ಲಿ ಹೇಳಿದ ಸುಳ್ಳು. ಪೂಜೆ ಚೌಡಯ್ಯನ ತಲೆಗೆ ಹೋಯಿತು. ಮೊದಲಾರತಿ ಸಿದ್ದಲಿಂಗಮ್ಮನ ಕೈಗೆ ಹೋಯಿತು. ಆರತಿ ತಟ್ಟೆ ತಾಯಿಯ ಮುಂದೆ ಬೆಳಗಿದ್ದು, ಹಕ್ಕಿನ ಜೊತೆಗೇ ಹೋಗಬೇಕು ಅಂತ ಊರ ಯಜಮಾನರು ಚಿಕ್ಕಬೋರಮ್ಮನ ತಟ್ಟೆಯನ್ನೂ ತೆಗೆದು ಕೊಟ್ಟರು. ನಾಗಮಂಗಲದ ಕಂಚುಗಾರರಿಂದ ಅವಳ ಅಪ್ಪ ಎರಕ ಹೊಯ್ಸಿ ಕೊಟ್ಟ ತಟ್ಟೆ. ಅಂಚಿನಲ್ಲಿ ಒಂದು ಜೋಡಿ ಗಿಳಿ. ಆಮೇಲೆ ಕುಳ್ಳಯ್ಯ ಹೊಲದ ದಾರಿ ಮರೆತ, ಊಟ ಮಾಡಿದ್ದು ಮರೆತ, ಕಡೆಗೆ ಹೆಂಡತಿಯನ್ನೇ "ಯಾರವ್ವಾ ನೀನು?" ಅಂದ. ಊರು "ಅಮ್ಮನ ಕೋಪ ಇನ್ನೂ ಇಳಿದಿಲ್ಲ" ಅಂದಿತು. ಒಬ್ಬಳೇ ಮಗಳನ್ನು, ಪೂಜೆ ಬಿದ್ದ ಮನೆಯ ಹೆಣ್ಣು ಅಂತ ಯಾರೂ ಕೇಳದೆ, ಕೆ.ಆರ್. ಪೇಟೆ ಕಡೆ ಎರಡನೇ ಸಂಬಂಧಕ್ಕೆ ಕೊಡಬೇಕಾಯಿತು. ಕುಳ್ಳಯ್ಯ ಸತ್ತ. ಅಂದಿನಿಂದ ಚಿಕ್ಕಬೋರಮ್ಮ ಗುಡಿಗೆ ಹೋದರೆ ಒಳಕ್ಕೆ ಹೋಗುವುದಿಲ್ಲ. ಬೇವಿನ ಮರದ ಹಿಂದೆ ನಿಂತು ಕೈ ಮುಗಿದು ಬರುತ್ತಾಳೆ. ಅವಳು ಬೇಡುವುದು ಒಂದೇ: "ನನ್ನಿಂದಲ್ಲ ಅಂತ ಒಂದು ಸಲ ಯೋಳ್ಸು ತಾಯಿ. ಊರ ಮುಂದೆ ಯೋಳ್ಸು."

*

ಇಸ್ಕೂಲಿನ ಪಡಸಾಲೆಯಲ್ಲಿ ಬೆಂಚು ಹಾಕಿದ್ದರು. ಡಾಕ್ಟ್ರು ಇನ್ನೂ ಚಿಕ್ಕ ವಯಸ್ಸಿನವರು, ನಗುಮುಖ. ಒಬ್ಬೊಬ್ಬರನ್ನೂ ಕೂರಿಸಿ ಮೂರು ಸಾಮಾನಿನ ಹೆಸರು ಹೇಳುತ್ತಿದ್ದರು: ಕುಡುಗೋಲು, ಬೆಲ್ಲ, ಕೊಡೆ. ಆಮೇಲೆ ಬೇರೆ ಮಾತಾಡಿಸಿ, ಆ ಮೂರು ಯಾವುವು ಅಂತ ಕೇಳುತ್ತಿದ್ದರು. ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ತಟ್ಟಿಸುತ್ತಿದ್ದರು. ಕೊನೆಗೆ ನೆಲದ ಮೇಲೆ ಎಳೆದ ಸುಣ್ಣದ ಗೆರೆಯ ಮೇಲೆ ನಡೆಸುತ್ತಿದ್ದರು. ಮೊದಲು ಸುಮ್ಮನೆ, ಆಮೇಲೆ ಮಳೆ ನಕ್ಷತ್ರಗಳ ಹೆಸರು ಹೇಳಿಕೊಂಡು.

"ಬೆಳ್ ಬೆಳಿಗ್ಗೆ ಎಬ್ಬಿಸ್ಕೊಂಡ್ ಬಂದು ಚಿಟಿಕೆ ಹಾಕುಸ್ತಾವ್ರಲ್ಲಪ್ಪ, ಇದೇನ್ ಸೋಬಾನೆನಾ?" ಅಂದ ಒಬ್ಬ ಮುದುಕ.

"ಸುಮ್ಕಿರ್ಲಾ. ನಿಂಗೆ ಕೊಡೆ ಗ್ಯಾನ ಇಲ್ಲ, ಬೆಲ್ಲ ಒಂದ್ ಗ್ಯಾನ ಐತೆ" ಅಂತ ಇನ್ನೊಬ್ಬ. ಎಲ್ಲರೂ ನಕ್ಕರು, ಡಾಕ್ಟ್ರೂ ನಕ್ಕರು.

ಚಿಕ್ಕಬೋರಮ್ಮ ಮೂರಕ್ಕೆ ಮೂರೂ ಹೇಳಿದಳು. ಗೆರೆಯ ಮೇಲೆ ಸ್ವಾತಿ ಮಳೆಯವರೆಗೂ ಹೇಳಿಕೊಂಡು ನೆಟ್ಟಗೆ ನಡೆದಳು. "ನಿಮ್ಮ ಗ್ಯಾನ ಭದ್ರವಾಗಿದೆಯಮ್ಮ" ಅಂದರು ಡಾಕ್ಟ್ರು.

"ಅದೇ ನನ್ನ ಕರ್ಮ ಕಣ್ ಸಾ. ಸ್ವಲ್ಪ ಮರೆತಿದ್ರೆ ಸುಖವಾಗಿರ್ತಿದ್ದೆ."

ಆಮೇಲೆ ಚೌಡಯ್ಯನ ಸರದಿ. ಪೂಜೆ ಹೊರುವ ಆಳು, ಮೀಸೆ ತಿರುವಿಕೊಂಡೇ ಬಂದ. ಸುಮ್ಮನೆ ನಡೆಯುವಾಗ ಒಂದು ಹೆಜ್ಜೆಯೂ ಗೆರೆ ಬಿಡಲಿಲ್ಲ. "ಈಗ ಮಳೆ ಹೆಸರು ಹೇಳ್ಕೊಂಡು ನಡೀರಿ" ಅಂದರು ಡಾಕ್ಟ್ರು.

"ಅಸ್ವಿನಿ, ಭರಣಿ, ಕಿರ್ತಿಕೆ, ರೋಯಿಣಿ..." ಹೆಜ್ಜೆ ನಿಧಾನವಾಯಿತು. "ಮಿರ್ಗಸಿರ, ಆರಿದ್ರೆ..."

ಕಾಲು ನಿಂತಿತು. ಬಲಗಾಲಿನ ಹಿಮ್ಮಡಿ ನೆಲ ಬಿಟ್ಟು ಎದ್ದಿದೆ, ಬೆರಳು ನೆಲಕ್ಕೆ ಅಂಟಿದೆ. ಕಣ್ಣು ಎಲ್ಲೋ ನೆಟ್ಟಿದೆ. ತುಸು ಹೊತ್ತಾದ ಮೇಲೆ "ಪುನರ್ವಸು" ಅಂದ. ಅಂದಮೇಲೆ ಕಾಲು ಮುಂದಕ್ಕೆ ಹೋಯಿತು.

ಪಡಸಾಲೆಯ ಕಂಬಕ್ಕೆ ಒರಗಿದ್ದ ಚಿಕ್ಕಬೋರಮ್ಮ ಕಂಬವನ್ನು ಹಿಡಿದುಕೊಂಡಳು. ಆ ಎದ್ದ ಹಿಮ್ಮಡಿಯನ್ನು ಅವಳು ಬಲ್ಲಳು. ಆರತಿಯ ಬೆಳಕಿನಲ್ಲಿ, ತಲೆ ತಗ್ಗಿಸಿ ನಿಂತವಳಿಗೆ ಅವತ್ತು ಕಂಡದ್ದು ಗಂಡನ ಮುಖವಲ್ಲ, ಅವನ ಕಾಲು. ಹಿಮ್ಮಡಿ ಎದ್ದಿತ್ತು, ಬೆರಳು ಅಂಟಿತ್ತು.

ಡಾಕ್ಟ್ರು ಮತ್ತೆ ನಡೆಸಿ ನೋಡಿದರು, ಬೆರಳು ತಟ್ಟಿಸಿ ನೋಡಿದರು, ಮೂರು ಹೆಸರು ಕೇಳಿದರು. ಚೌಡಯ್ಯನಿಗೆ ಬೆಲ್ಲ ಸಿಕ್ಕಿತು, ಕುಡುಗೋಲು ಸಿಕ್ಕಿತು, ಕೊಡೆ ಸಿಗಲಿಲ್ಲ. ಡಾಕ್ಟ್ರು ಮೆತ್ತಗೆ ಹೇಳಿದರು: "ಯಜಮಾನ್ರೇ, ಗಾಬರಿ ಬೇಡ. ಕಾಯಿಲೆ ಬಂದಿದೆ ಅಂತ ನಾನು ಹೇಳ್ತಿಲ್ಲ. ನಡೆಯೋದು ಕಾಲಿನ ಕೆಲಸ ಅಂದ್ಕೋತೀವಿ. ಆದರೆ ತಲೆಯೂ ಜೊತೇಲಿ ನಡೀಬೇಕು. ತಲೆಗೆ ಎರಡು ಕೆಲಸ ಒಟ್ಟಿಗೆ ಭಾರ ಆದಾಗ ಒಂದನ್ನ ಬಿಟ್ಬಿಡುತ್ತೆ. ಕೆಲವರಲ್ಲಿ ಮರೆವು ಬರೋಕ್ಕೆ ಎಷ್ಟೋ ಮುಂಚೆ ಹೀಗೆ ನಡಿಗೇಲಿ ಕಾಣುತ್ತಾ ಅಂತ ನೋಡ್ತಾ ಇದೀವಿ. ಒಂದ್ಸಲ ಮೈಸೂರಿಗೆ ಬನ್ನಿ. ಅಲ್ಲೀವರ್ಗೂ ತಲೆ ಮೇಲೆ ಭಾರ ಹೊತ್ತು ನಡೀಬೇಡಿ."

ಚೌಡಯ್ಯ ಎದ್ದುನಿಂತ. "ನನ್ನ ತಲೆ ಮೇಲೆ ಹೊರೆ ಇರೋದಿಲ್ಲ ಕಣ್ ಸಾ, ತಾಯಿ ಇರ್ತಾಳೆ. ಅವಳು ನಡುಸ್ತಾಳೆ, ನಾನ್ ನಡೀತೀನಿ. ಗೆರೆ ಎಳ್ದು ಅಳೆಯೋಕ್ಕೆ ನಾನೇನ್ ಹೊಲವಾ?"

ಎಲ್ಲರೂ ಟ್ರಾಕ್ಟರಿನ ಕಡೆ ಹೋದಮೇಲೆ ಚಿಕ್ಕಬೋರಮ್ಮ ಹಿಂದೆ ಉಳಿದಳು.

"ಸಾ, ಒಂದ್ ಮಾತು. ನನ್ನ ಯಜಮಾನ್ರೂ ಇಂಗೇ ನಿಂತ್ಬುಟ್ರು. ಅಣ್ಣತಮ್ಮದೀರು. ಅವರ್ಗೂ ಇದೇ ಇತ್ತಾ?"

"ಎಲ್ಲಿದ್ದಾರಮ್ಮ ಅವರು?"

"ಮಣ್ಣಲ್ಲವ್ರೆ."

ಡಾಕ್ಟ್ರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಇದ್ದಿರಬಹುದು. ಆದ್ರೆ ಕಣ್ಣಾರೆ ನೋಡದೆ ಹೌದು ಅಂತ ಹೇಳಿದ್ರೆ ತಪ್ಪಾಗುತ್ತಮ್ಮ. ನಾನು ಹೇಳಲಾರೆ."

"ಬದುಕಿರೋರ ಕಾಲು ಅಳೀತೀರಿ. ಸತ್ತೋರ ಮಾನ ಅಳೆಯೋಕ್ಕೆ ನಿಮ್ಮತ್ರ ಏನೂ ಇಲ್ಲ."

"ಇಲ್ಲಮ್ಮ" ಅಂದರು ಅವರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅವಳಿಗೆ ಇನ್ನೂ ಕಹಿಯಾಯಿತು.

*

ಹಬ್ಬ ಹತ್ತಿರ ಬಂತು. ಊರಲ್ಲಿ ಗುಸುಗುಸು ಹುಟ್ಟಿತು. ಹೋದ ವರ್ಷವೇ ಚೌಡಯ್ಯ ಮನೆ ಹೆಸರು ಕರೆಯುವಾಗ ಸಿದ್ದಲಿಂಗಮ್ಮನ ಆರತಿಯ ಎದುರು ಒಂದು ಗಳಿಗೆ ತಡವರಿಸಿದ್ದನ್ನು ಜನ ಈಗ ನೆನೆಸಿಕೊಂಡರು. "ಆ ಮನೇಲಿ ಏನೋ ಐತೆ ಕಣ್ರಪ್ಪ. ಆಗ ದೊಡ್ಡೋಳು, ಈಗ ಚಿಕ್ಕೋಳು." ಇನ್ನೊಬ್ಬಳು: "ಆ ವಯಸ್ಸಲ್ಲಿ ಹೊರಗಾಗೋದೆಲ್ಲಿ ಬಂತು?" ಮತ್ತೊಬ್ಬಳು: "ಮೈಲಿಗೆ ಅಂದ್ರೆ ಅದೊಂದೇನಾ? ಕೈಯಿಂದಾನೂ ಆಯ್ತದೆ, ಬಾಯಿಂದಾನೂ ಆಯ್ತದೆ."

ಗೋಡೆಯ ಆಚೆ ಸಿದ್ದಲಿಂಗಮ್ಮ ರಾತ್ರಿಯೆಲ್ಲ ಬಿಕ್ಕುವುದು ಚಿಕ್ಕಬೋರಮ್ಮನಿಗೆ ಕೇಳುತ್ತಿತ್ತು. ಅವಳು ಮಗ್ಗುಲು ಬದಲಿಸದೆ ಕೇಳಿಸಿಕೊಂಡಳು. ಅಳು, ಅಳು. ನಾನು ಅತ್ತಾಗ ಈ ಗೋಡೆಗೆ ಕಿವಿ ಇರಲಿಲ್ಲವಾ? ನನ್ನ ಮಗಳು ಎರಡನೇ ಸಂಬಂಧಕ್ಕೆ ತಾಳಿ ಕಟ್ಟಿಸಿಕೊಂಡು ಹೋಗುವಾಗ ನೀನು ಬಾಗಿಲಿಗೂ ಬರಲಿಲ್ಲ. ಈಗ ನಿನ್ನ ಮನೆಯ ಒಲೆಗೂ ಮಣ್ಣು ಬೀಳಲಿ. ಹಾಗೆ ಅಂದುಕೊಂಡರೆ ಬಾಯಿಗೆ ಬೆಲ್ಲ ಹಾಕಿಕೊಂಡ ಹಾಗಾಗುತ್ತಿತ್ತು. ಗುಟುಕು ಇಳಿದ ಮೇಲೆ ಬೇವು.

ಹೂ ಕೇಳುವ ದಿನ ಬಂತು. ಊರೆಲ್ಲ ಗುಡಿಯ ಅಂಗಳದಲ್ಲಿ. ಯಜಮಾನ ಚಿಕ್ಕಸ್ವಾಮಿ ಕಟ್ಟೆಯ ಮೇಲೆ ಕೂತ. ಪೂಜಾರಿ ಚಿಕ್ಕಯ್ಯ ತಾಯಿಗೆ ನೀರೆರೆದು, ಹೂ ಅಂಟಿಸಿ, ಹೊರಗೆ ಬಂದು ಕಾದ. ಸಿದ್ದಲಿಂಗಮ್ಮ ಒದ್ದೆ ಸೀರೆಯಲ್ಲಿ ನಡುಗುತ್ತ ಗುಡಿ ಮುಂದೆ ನಿಂತಿದ್ದಳು. ಹದಿನೆಂಟು ವರ್ಷದ ಕೆಳಗೆ ಚಿಕ್ಕಬೋರಮ್ಮ ನಿಂತಿದ್ದದ್ದೂ ಅದೇ ಚಪ್ಪಡಿಯ ಮೇಲೆ.

"ಕೇಳಪ್ಪ" ಅಂದ ಚಿಕ್ಕಸ್ವಾಮಿ. "ಚೌಡಯ್ಯನ ಹೆಂಡ್ತಿಯಿಂದ ದೋಷ ಆಗಿದ್ರೆ ಎಡಕ್ಕೆ ಕೊಡು ತಾಯಿ ಅಂತ ಕೇಳು."

ಸಿದ್ದಲಿಂಗಮ್ಮ ತಲೆಯೆತ್ತಿದಳು. ಅಷ್ಟು ಜನರ ತಲೆಗಳ ಮೇಲಿಂದ ಅವಳ ಕಣ್ಣು ಬೇವಿನ ಮರದ ಹಿಂದಕ್ಕೆ ಬಂದು ನಿಂತಿತು. ಅವಳು ಬೇಡಲಿಲ್ಲ. ಬೇಡುವ ಮುಖ ಅವಳಿಗಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಚಿಕ್ಕಬೋರಮ್ಮ ಸುಮ್ಮನಿದ್ದರೆ ಸಾಕಿತ್ತು. ಹೂ ಎತ್ತ ಬಿದ್ದರೂ ಅವಳದೇನೂ ಹೋಗುತ್ತಿರಲಿಲ್ಲ. ಆದರೆ ಆ ಪ್ರಶ್ನೆ ಅವಳ ಕಿವಿಯೊಳಗೆ ಮುಳ್ಳಾಯಿತು. ಅವತ್ತು ತಾಯಿಯನ್ನು ಹೀಗೆ ಕೇಳಿರಲಿಲ್ಲವಲ್ಲ! ಪೂಜೆ ಇಳಿಸಬೇಕಾ ಅಂತ ಕೇಳಿದ್ದರು. ಇಳಿಸಿ ಅಂದಳು ತಾಯಿ. ಕಾಲು ನಿಂತುಹೋದವನ ತಲೆಯಿಂದ ಇಳಿಸಿ ಅಂದಳು. ಅಷ್ಟನ್ನೇ ಅಂದಳು. ಇಷ್ಟು ವರ್ಷ ತಾಯಿಯೇ ನನ್ನ ಮೇಲೆ ಸುಳ್ಳು ಹೊರಿಸಿದಳು ಅಂತ ಒಳಗೊಳಗೇ ಕೊರಗಿದೆನಲ್ಲ, ತಾಯಿ ನನ್ನ ಹೆಸರನ್ನೇ ಎತ್ತಿರಲಿಲ್ಲ.

"ನಿಲ್ಲಿಸು ಚಿಕ್ಕಯ್ಯ!"

ಮರದ ಹಿಂದಿನಿಂದ ಅವಳು ಅಂಗಳಕ್ಕೆ ಬಂದಳು. ಜನ ಬಿಟ್ಟು ನಿಂತರು. ದಾರಿ ಕೊಟ್ಟರೋ, ಮುಟ್ಟಿಸಿಕೊಳ್ಳಬಾರದು ಅಂತ ಸರಿದರೋ.

"ಯಜಮಾನ್ರೇ, ತಾಯಿ ಎಡ ಕೊಡ್ತಾಳೆ, ಬಲ ಕೊಡ್ತಾಳೆ. ಕತೆ ಕಟ್ಟೋರು ನಾವು. ಕೇಳೋದನ್ನ ನ್ಯಾಯವಾಗಿ ಕೇಳಿ."

"ಏನಮ್ಮ ನಿನ್ನ ನ್ಯಾಯ?"

"ನನ್ನ ಮೈದುನನ ತಲೆ ಮೇಲೆ ಈಗ ಪೂಜೆ ಇಲ್ಲ. ಅವನ ಹೆಂಡ್ತಿ ಲಿಂಗಿ ಆರತಿ ಹಿಡಿದಿಲ್ಲ, ನಾನೂ ಹಿಡಿದಿಲ್ಲ. ಬರಿಗೈಯಲ್ಲಿ ಮನೆ ಹೆಸ್ರು ಕರ್ಕೊಂಡು ಈ ಅಂಗಳದಲ್ಲಿ ನಡೀಲಿ. ಎಲ್ಲ ನೋಡಿ. ಆಮೇಲೆ ಹೂ ಕೇಳೀರಂತೆ."

ಚೌಡಯ್ಯನಿಗೆ ಅವಮಾನವಾಯಿತು. "ಅತ್ಗೆ, ನನ್ನ ಕುಣಿಸಿ ನೋಡ್ಬೇಕಾ ನೀನು?" ಅಂದ. ಆದರೆ ಹಿಂಜರಿದರೆ ಹೆಂಡತಿಯ ತಲೆಗೆ ಬರುತ್ತದೆ. ಪಂಚೆ ಎತ್ತಿ ಕಟ್ಟಿ ನಡೆದ. "ಕಣದಮನೆ ಆರತಿ ಬರ್ಲವ್ವೋ! ಮೂಡ್ಲಮನೆ ಆರತಿ ಬರ್ಲವ್ವೋ! ಗಾಣದಮನೆ..."

ನಿಂತ. ಹಿಮ್ಮಡಿ ಎದ್ದಿತ್ತು, ಬೆರಳು ಅಂಟಿತ್ತು. ಎದುರಿಗೆ ಹೆಂಗಸಿಲ್ಲ, ಆರತಿಯಿಲ್ಲ. ದನ ಕಟ್ಟುವ ಒಂದು ಗೂಟವಿತ್ತು. ಮುಂದಿನ ಮನೆಯ ಹೆಸರಿಗೆ ಅವನು ಬಾಯಿ ಆಡಿಸುತ್ತ, ಗೂಟವನ್ನು ನೋಡುತ್ತ ನಿಂತೇ ಇದ್ದ.

"ಈ ಗೂಟ ಯಾವಾಗ ಹೊರಗಾಗಿತ್ತು, ಕೇಳಿ" ಅಂದಳು ಚಿಕ್ಕಬೋರಮ್ಮ.

ಯಾರೋ ಹಿಂದಿನಿಂದ ನಕ್ಕರು. ಅವಳಿಗೆ ನಗು ಬರಲಿಲ್ಲ. ಗೂಟದ ಮುಂದೆ ನಿಂತವನ ಹೆಗಲು ಅವಳ ಗಂಡನ ಹೆಗಲಿನ ಹಾಗೇ ಇತ್ತು. ಹೋಗಿ ಅವನ ಮೊಣಕೈ ಹಿಡಿದಳು. "ಬಾ ಚೌಡಯ್ಯ. ಬಾವಿಮನೆ. ಮುಂದಿಂದು ಬಾವಿಮನೆ." ಅವನ ಕಾಲು ನೆಲ ಬಿಟ್ಟು ಮುಂದಕ್ಕೆ ಬಂತು.

ಚಿಕ್ಕಯ್ಯ ಹೂ ಕೇಳಿದ: "ಪೂಜೆ ಇಳಿಸಬೇಕಾದ್ರೆ ಎಡಕ್ಕೆ ಕೊಡು ತಾಯಿ." ಹೂ ಎಡಕ್ಕೆ ಜಾರಿತು. ಇನ್ನು ಮುಂದೆ ಚೌಡಯ್ಯನ ಮಗ ನಿಂಗರಾಜು ಹೊರಲಿ ಅಂತ ತೀರ್ಮಾನವಾಯಿತು. ಸಿದ್ದಲಿಂಗಮ್ಮನ ಹೆಸರನ್ನು ಯಾರೂ ಎತ್ತಲಿಲ್ಲ. ಯಜಮಾನರು ಪಂಚೆ ಕೊಡವಿಕೊಂಡು ಎದ್ದರು.

"ಅಂಗಾದ್ರೆ ಅವತ್ತು ನನ್ ಮೇಲೆ ಹೊರ್ಸಿದ ಮಾತು?" ಅಂದಳು ಚಿಕ್ಕಬೋರಮ್ಮ.

ಚಿಕ್ಕಸ್ವಾಮಿ ತಿರುಗಿ ನೋಡಿದ. ಕೆಟ್ಟ ಮನುಷ್ಯನಲ್ಲ. "ಒಣಗಿದ ಹುಣ್ಣು ಯಾಕವ್ವ ಕೆರೀತೀಯೆ? ಕುಳ್ಳಯ್ಯನೂ ಹೋದ, ಅವತ್ತು ಕೂತಿದ್ದ ಯಜಮಾನ್ರೂ ಹೋದ್ರು. ಈಗ ಯಾರನ್ನ ಕರ್ದು ಯೋಳ್ಸೋಣ? ಬುಡು, ಎಲ್ರಿಗೂ ಗೊತ್ತಾಯ್ತಲ್ಲ."

"ಗೊತ್ತಾಗೋದು ಬೇರೆ, ಯೋಳೋದು ಬೇರೆ."

"ಕಾಫಿ ಆರೋಯ್ತದೆ, ಬನ್ರಪ್ಪ" ಅಂದ ಯಾರೋ. ಅಂಗಳ ಖಾಲಿಯಾಯಿತು. ತಾಯಿಯ ಭುಜದಿಂದ ಜಾರಿದ ಹೂ ಒಳಗೆ ಕಲ್ಲಿನ ಮೇಲೆ ಬಿದ್ದಿತ್ತು. ಚಿಕ್ಕಬೋರಮ್ಮ ಹೊಸಲಿನ ಈಚೆಯೇ ನಿಂತು ಅದನ್ನು ನೋಡಿದಳು. ತಾಯಿ ತನ್ನ ಪಾಲಿನದನ್ನು ಅವತ್ತೇ ಹೇಳಿ ಮುಗಿಸಿದ್ದಳು. ಉಳಿದದ್ದು ಮನುಷ್ಯರ ಪಾಲು. ಅದು ಬರಲಿಲ್ಲ.

*

ಮಾರನೆಯ ಮುಂಜಾನೆ ಅವಳು ಹಿತ್ತಲಲ್ಲಿ ಒಲೆಗೆ ತರಗು ಗುಡಿಸುತ್ತಿದ್ದಳು. ಗೋಡೆಯ ಸಂದಿನ ಬಾಗಿಲು ಕಿರುಗುಟ್ಟಿತು. ಹದಿನೆಂಟು ವರ್ಷದಿಂದ ಅಗಳಿ ಹಾಕಿದ ಬಾಗಿಲು. ಸಿದ್ದಲಿಂಗಮ್ಮ ಬಂದಳು, ಕೈಯಲ್ಲಿ ಏನನ್ನೋ ಸೆರಗಿನಿಂದ ಮುಚ್ಚಿಕೊಂಡಿದ್ದಳು.

ಹಿತ್ತಾಳೆ ತಟ್ಟೆ. ಹುಣಸೇಹಣ್ಣು ಹಾಕಿ ತಿಕ್ಕಿ ತಿಕ್ಕಿ, ಅಂಚಿನ ಗಿಳಿಗಳ ಕಣ್ಣು ಕೂಡ ಕಾಣುವಂತೆ ಬೆಳಗಿದ್ದಳು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಅಂತ ನಡುವೆ ಒಂದು ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ.

ಚಿಕ್ಕಬೋರಮ್ಮ ತನ್ನ ಬೋಳು ಕೈಗಳನ್ನು ನೋಡಿಕೊಂಡಳು. ಬಳೆಯಿಲ್ಲದ ಕೈ ಆರತಿ ಎತ್ತುವಂತಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಈಗ ಇದು ನಂಗೆ ಯಾತಕ್ಕೆ ಲಿಂಗೀ?"

ಸಿದ್ದಲಿಂಗಮ್ಮ ಏನೋ ಹೇಳಬೇಕು ಅಂತ ಬಂದಿದ್ದಳು, ಅದು ಬಾಯಿಗೆ ಬರಲಿಲ್ಲ. ಎರಡೂ ಕೈಯಲ್ಲಿ ತಟ್ಟೆಯನ್ನು ಚಾಚಿದಳು. ಚಿಕ್ಕಬೋರಮ್ಮ ಕೈ ಒಡ್ಡುವವರೆಗೂ ಚಾಚಿಕೊಂಡೇ ನಿಂತಳು. ಕೊಟ್ಟು, ತಲೆ ತಗ್ಗಿಸಿಕೊಂಡು, ಬಂದ ಬಾಗಿಲಿನಲ್ಲೇ ಹೋದಳು. ಅಗಳಿ ಹಾಕಿದ ಸದ್ದು ಕೇಳಿಸಲಿಲ್ಲ.